ನೀಲಿ ಹರವಿಗೆ ಹಾಕಿದ ಬೀಗ

ಮೊದಲೇ ಕ್ಷಮೆ ಕೇಳುತ್ತೇನೆ. ಈ ಕತೆಯನ್ನು ನಮ್ಮ ಮಠದ ಅಜ್ಜನವರು ಹೇಳಿದಾಗ ಅದು ಚಿಕ್ಕದಾಗಿತ್ತು, ಚೊಕ್ಕವಾಗಿತ್ತು. ನನ್ನ ಕೈಯಲ್ಲಿ ಅದು ಉದ್ದವಾಗುತ್ತದೆ, ಕೆಡುತ್ತದೆ. ಇದು ನಾನು ಬರೆಯುತ್ತಿರುವ ಮೊದಲ ಬರಹ. ಮಠದಲ್ಲಿ ನನ್ನ ಕೆಲಸ ಬಂದವರಿಗೆ ಮಜ್ಜಿಗೆ ಕೊಡುವುದು. ಎಲ್ಲಿ ಬಿಡಿಸಿ ಹೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದು ನನಗೆ ತಿಳಿಯದು. ಹಾಗಾಗಿ ಎಲ್ಲವನ್ನೂ ಬಿಡಿಸಿಯೇ ಹೇಳುತ್ತೇನೆ. ಹೆಚ್ಚಾಯಿತು ಅನಿಸಿದ ಕಡೆ ಓದುವವರು ದಾಟಿಕೊಂಡು ಹೋಗಬೇಕು.

ಈ ಕತೆಗೆ ಕಾರಣವಾದ ಪ್ರಶ್ನೆ ಕೇಳಿದವನು ಮುರಿಗೆಪ್ಪ. ನಿನ್ನೆ ಮಧ್ಯಾಹ್ನ ಮಠಕ್ಕೆ ಬಂದು, ಅಜ್ಜನವರಿಗೆ ನಮಸ್ಕಾರ ಮಾಡಿ, ಕೂಡುವ ಮೊದಲೇ ಕೇಳಿದ.

"ಅಜ್ಜಾರ, ನನ್ನ ಜೋಡಿ ಇದ್ದಾಂವ ಖೋಲಿ ಬಿಟ್ಟು ಹೋದ. ಬಾಡಿಗಿ ಕೊಡೋದನ್ನೂ ಬಿಟ್ಟ. ಅಂವನ ಮಷೀನು ನಾ ಮಾರಿದ್ರ ಅದು ಕಳವೋ, ನ್ಯಾಯವೋ?"

ಇಷ್ಟು ಕೇಳಿದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಮುರಿಗೆಪ್ಪ ಪೇಟೆಯ ಬಟ್ಟೆ ಅಂಗಡಿಯಲ್ಲಿ ಬಟ್ಟೆ ಅಳೆದು ಹರಿಯುವ ಕೆಲಸದವನು. ಅಜ್ಜನವರ ಹಳೆಯ ಶಿಷ್ಯ. ಅವನ ಜೋಡಿ ಇದ್ದವನು ಫಕೀರಪ್ಪ. ಫಕೀರಪ್ಪ ಗೋಲಿ ಸೋಡಾ ಮಾಡಿ ಬಸ್ ನಿಲ್ದಾಣದಲ್ಲಿ ಮಾರುತ್ತಾನೆ. ಗೋಲಿ ಸೋಡಾ ಎಂದರೆ ಬಾಟಲಿಯ ಕುತ್ತಿಗೆಯಲ್ಲಿ ಗಾಜಿನ ಗೋಲಿ ಇರುವ ಸೋಡಾ. ಅದನ್ನು ತುಂಬುವುದಕ್ಕೆ ಒಂದು ಮಷೀನು ಬೇಕು. ಬೀಡುಕಬ್ಬಿಣದ ಮಷೀನು, ಪಕ್ಕದಲ್ಲಿ ಕೈಯಿಂದ ತಿರುವುವ ಚಕ್ರ. ಒಬ್ಬನಿಗೆ ಅದನ್ನು ಎತ್ತಲು ಆಗುವುದಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಇಬ್ಬರೂ ಕೂಡಿ ಬಾಳವ್ವ ಎಂಬಾಕೆಯ ಖೋಲಿಯನ್ನು ಬಾಡಿಗೆಗೆ ಹಿಡಿದಿದ್ದರು. ಅರ್ಧ ಇವನದು, ಅರ್ಧ ಅವನದು. ಯುಗಾದಿ ಆದ ಮೇಲೆ ಫಕೀರಪ್ಪ ಹಾಸಿಗೆ ಸುತ್ತಿಕೊಂಡು ಅಕ್ಕನ ಮನೆಗೆ ಹೋದ. ಅಕ್ಕನ ಮನೆ ಊರಿನ ಆ ತುದಿಗಿದೆ. ಮಷೀನನ್ನು ಆಮೇಲೆ ಒಯ್ಯುತ್ತೇನೆ ಎಂದು ಖೋಲಿಯಲ್ಲೇ ಬಿಟ್ಟ. ದಿನಾ ಬೆಳಿಗ್ಗೆ ಬಂದು ಬಾಟಲಿ ತುಂಬಿಕೊಂಡು ಹೋಗುತ್ತಿದ್ದ. ಬಾಡಿಗೆ ಕೇಳಿದರೆ ಮೊದಲು ನಾಳೆ ಎಂದ, ನಂತರ ಸಂತೆಯ ದಿನ ಎಂದ, ಕೊನೆಗೆ "ನಾ ಅಲ್ಲಿ ಮಲಗೂದಿಲ್ಲ, ಉಣ್ಣೂದಿಲ್ಲ, ಬಾಡಿಗಿ ಯಾತಕ್ಕ?" ಎಂದ.

ಬಾಳವ್ವ ಮುರಿಗೆಪ್ಪನನ್ನು ಹಿಡಿದುಕೊಂಡಳು. "ನನಗ ಮುರಿಗೆಪ್ಪನೂ ಗೊತ್ತಿಲ್ಲ, ಫಕೀರಪ್ಪನೂ ಗೊತ್ತಿಲ್ಲ. ನನಗ ಗೊತ್ತಿರೂದು ಒಂದು ಬಾಗಲಾ. ಅಮಾಸಿ ದಿನ ಪೂರಾ ಬಾಡಿಗಿ ಇಡು, ಇಲ್ಲಾ ಕೀಲಿಕೈ ಇಡು" ಎಂದಳು. ಅಮಾವಾಸ್ಯೆ ಎಂದರೆ ಇವತ್ತು. ನಾನು ಇದನ್ನು ಬರೆಯುತ್ತಿರುವ ದಿನ.

ಮುರಿಗೆಪ್ಪ ಮಷೀನಿನ ಚಕ್ರಕ್ಕೂ ಕಿಟಕಿಯ ಸರಳಿಗೂ ಸೇರಿಸಿ ಸರಪಳಿ ಸುತ್ತಿ ಬೀಗ ಹಾಕಿದ. ಫಕೀರಪ್ಪ ಬಂದ, ಬೈದ, ಹೋದ. ಇಬ್ಬರಿಗೂ ಮಾತು ನಿಂತಿತು. ಈಗ ಗುಜರಿಯವನು ಅಮಾವಾಸ್ಯೆಯ ಬೆಳಿಗ್ಗೆ ಗಾಡಿ ತರುತ್ತೇನೆ, ಕಬ್ಬಿಣದ ತೂಕಕ್ಕೆ ಕೊಳ್ಳುತ್ತೇನೆ ಎಂದು ಒಪ್ಪಿದ್ದಾನೆ. ಒಡೆದು ಕರಗಿಸುವ ಕಬ್ಬಿಣ. ಅದನ್ನು ಮಾರಿದರೆ ಮುರಿಗೆಪ್ಪನಿಗೆ ಸೂರು ಉಳಿಯುತ್ತದೆ. ಮಾರದಿದ್ದರೆ ಸಂಜೆಗೆ ಅವನು ಬೀದಿಯಲ್ಲಿ.

ಇದನ್ನೆಲ್ಲ ಮುರಿಗೆಪ್ಪ ಒಂದೇ ಉಸಿರಿಗೆ ಹೇಳಿದ. ಸಿಟ್ಟಿನಿಂದಲೋ ಹೆದರಿಕೆಯಿಂದಲೋ ನನಗೆ ತಿಳಿಯಲಿಲ್ಲ. ಎರಡೂ ಇರಬೇಕು. ನಾನು ಮಜ್ಜಿಗೆಯ ಲೋಟ ಕೊಟ್ಟೆ. ಅವನು ಹಿಡಿದುಕೊಂಡ, ಕುಡಿಯಲಿಲ್ಲ.

"ಕಳವಾದರ ಕಳವು ಅನ್ರಿ, ನ್ಯಾಯ ಆದರ ನ್ಯಾಯ ಅನ್ರಿ. ಒಂದ ಮಾತು ಸಾಕು, ಅಜ್ಜಾರ" ಎಂದ.

ಅಜ್ಜನವರು ಎರಡನ್ನೂ ಅನ್ನಲಿಲ್ಲ. "ಕೂಡು" ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನೂ ಒಬ್ಬ ಬಣ್ಣಗಾರನೂ ಕೂಡಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದರು. ಮನೆ ಒಬ್ಬ ವ್ಯಾಪಾರಿಯದು. ಮುಂದಿನ ಅಂಕಣದಲ್ಲಿ ನೇಕಾರನ ಮಗ್ಗ. ಹಿತ್ತಿಲಿನಲ್ಲಿ ಬಣ್ಣಗಾರನ ಹರವಿ. ಹಿತ್ತಿಲಿಗೆ ಬೇರೆ ದಾರಿ ಇರಲಿಲ್ಲ. ಬಣ್ಣಗಾರ ನೇಕಾರನ ಮಗ್ಗವನ್ನು ದಾಟಿಯೇ ತನ್ನ ಹರವಿಗೆ ಹೋಗಬೇಕಿತ್ತು.

ಇಲ್ಲಿ ನಾನು ಎರಡು ಮಾತು ಸೇರಿಸುತ್ತೇನೆ. ಅಜ್ಜನವರು ಸೇರಿಸಲಿಲ್ಲ. ನೇಕಾರನ ಮಗ್ಗ ಗುಣಿಮಗ್ಗ. ಎಂದರೆ ನೆಲದಲ್ಲಿ ಗುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಮನೆ ಬಿಡು ಎಂದರೆ ಅಂಥವನಿಗೆ ಗುಣಿ ಮುಚ್ಚು ಎಂದ ಹಾಗೆ. ಬಣ್ಣಗಾರನ ಹರವಿಯೂ ನೆಲದಲ್ಲಿ ಕುತ್ತಿಗೆಯವರೆಗೆ ಹೂತ ದೊಡ್ಡ ಮಣ್ಣಿನ ಪಾತ್ರೆ. ಅದರಲ್ಲಿ ನೀಲಿಯನ್ನು ಹುಳಿ ಬರಿಸುತ್ತಾರೆ. ಸುಣ್ಣ, ಬೆಲ್ಲ, ಬೇಯಿಸಿದ ತಗಚೆ ಬೀಜ ಹಾಕಿ, ದಿನವೂ ಬೆಳಿಗ್ಗೆ ಕದಡಿ, ಕಡಿಮೆಯಾದದ್ದನ್ನು ಮತ್ತೆ ಹಾಕಬೇಕು. ಬಣ್ಣಗಾರರು ಇದಕ್ಕೆ ಉಣಿಸುವುದು ಎನ್ನುತ್ತಾರೆ. ಹಸುವಿಗೆ ಮೇವು ಹಾಕಿದ ಹಾಗೆ ಹರವಿಗೆ ಉಣಿಸಬೇಕು. ಮರೆತರೆ ನೀಲಿ ಸಾಯುತ್ತದೆ. ಸತ್ತ ನೀಲಿಯಲ್ಲಿ ಎಷ್ಟು ಅದ್ದಿದರೂ ನೂಲಿಗೆ ಬಣ್ಣ ಹತ್ತುವುದಿಲ್ಲ.

ಬಣ್ಣಗಾರನಿಗೆ ಮದುವೆಯಾಯಿತು. ಅವನು ಹಳ್ಳದ ಆಚೆ ಮಾವನ ಮನೆಯಲ್ಲಿ ಇರತೊಡಗಿದ. ಬೆಳಗಾದರೆ ಬೆಲ್ಲ, ಸುಣ್ಣ ಹಿಡಿದುಕೊಂಡು ಬಂದು, ಮಗ್ಗ ದಾಟಿ, ಹರವಿಗೆ ಉಣಿಸಿ, ಬಂದ ನೂಲನ್ನು ಅದ್ದಿ ಹೋಗುತ್ತಿದ್ದ. ಬಾಡಿಗೆಯ ತನ್ನ ಪಾಲನ್ನು ಕೊಡುವುದನ್ನು ನಿಲ್ಲಿಸಿದ.

ನೇಕಾರ ಕೇಳಿದ. ಬಣ್ಣಗಾರ ಹೇಳಿದ: "ನಾನು ಇಲ್ಲಿ ಮಲಗುವುದಿಲ್ಲ. ಬಾಡಿಗೆ ಏಕೆ ಕೊಡಲಿ?"

"ನೀನು ಮಲಗುವುದಿಲ್ಲ. ನಿನ್ನ ಹರವಿ ಮಲಗುತ್ತದಲ್ಲ?"

"ಹರವಿಗೂ ಬಾಡಿಗೆ ಕೇಳುವವನನ್ನು ಇವತ್ತು ಕಂಡೆ. ನಾಳೆ ಅಂಗಳದಲ್ಲಿ ಬಿದ್ದ ನನ್ನ ನೆರಳಿಗೂ ಕೇಳು."

ಇದನ್ನು ಕೇಳಿ ಮುರಿಗೆಪ್ಪ ತಲೆ ಎತ್ತಿದ. "ಹೌದ ನೋಡ್ರಿ, ಇಂಥಾವೇ ಮಾತು. ಇಂಥಾವೇ!" ಎಂದ. ಅಜ್ಜನವರು ಕೈ ಎತ್ತಿ ಅವನನ್ನು ಸುಮ್ಮನಿರಿಸಿದರು.

ವ್ಯಾಪಾರಿ ನೇಕಾರನ ಬಳಿ ಬಂದ. "ಅಮಾವಾಸ್ಯೆಗೆ ಬರುತ್ತೇನೆ. ಪೂರ್ತಿ ಬಾಡಿಗೆ ಇರಬೇಕು. ಇಲ್ಲವಾದರೆ ನಿನ್ನ ಗುಣಿಯನ್ನು ನೀನೇ ಮುಚ್ಚಿ ಹೋಗು" ಎಂದ. ನೇಕಾರನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ಅದನ್ನು ಮುಗಿಸಿ ಕೊಟ್ಟರೆ ಮಾತ್ರ ಅವನಿಗೆ ಹಣ.

ಮರುದಿನ ಬೆಳಿಗ್ಗೆ ಬಣ್ಣಗಾರ ಬಂದಾಗ ಹಿತ್ತಿಲ ಬಾಗಿಲಿಗೆ ಬೀಗ ಬಿದ್ದಿತ್ತು.

"ಬಾಗಿಲು ತೆಗೆ. ಅದಕ್ಕೆ ಉಣಿಸಬೇಕು."

"ಬಾಡಿಗೆ ಇಡು. ತೆಗೆಯುತ್ತೇನೆ."

"ನೀಲಿ ಅದ್ದಿದರೆ ನನಗೆ ಹಣ. ಬಾಗಿಲು ತೆಗೆದರೆ ನೀಲಿ. ನೀನು ಬಾಗಿಲನ್ನೇ ಮುಚ್ಚಿ ಹಣ ಕೇಳುತ್ತೀಯಲ್ಲ?"

"ಬಾಗಿಲು ತೆರೆದಿದ್ದಾಗ ನೀನು ಕೊಟ್ಟೆಯಾ?"

ನಿಜವಾಗಿಯೂ ಬಣ್ಣಗಾರ ಕೊಟ್ಟಿರಲಿಲ್ಲ. ಅಜ್ಜನವರು ನೇಕಾರನ ಈ ಮಾತನ್ನು ಎರಡು ಸಲ ಹೇಳಿದರು. ಅದು ಸರಿಯಾದ ಮಾತೆಂದು ನಮಗೆ ತಿಳಿಯಲಿ ಎಂದು ಹೇಳಿರಬೇಕು.

ಬಣ್ಣಗಾರ ದನಿ ಇಳಿಸಿದ. "ನನ್ನ ಮೇಲೆ ಸಿಟ್ಟು ಇದ್ದರೆ ಇರಲಿ. ಹರವಿ ಕಾಯುವುದಿಲ್ಲ" ಎಂದ.

ನೇಕಾರ ನಕ್ಕ. "ಏಕೆ ಕಾಯುವುದಿಲ್ಲ? ನಮ್ಮ ತಂದೆ ತೀರಿಕೊಂಡಾಗ ನಾನು ಊರಿಗೆ ಹೋಗಿ ಒಂದು ತಿಂಗಳು ಬರಲಿಲ್ಲ. ಬಂದು ನೋಡಿದರೆ ಮಗ್ಗದ ಮೇಲೆ ಎಳೆ ಇದ್ದಲ್ಲೇ ಇತ್ತು. ಧೂಳು ಕೊಡವಿ ಕೂತು ನೇಯ್ದೆ. ನಿನ್ನ ಹರವಿಯನ್ನು ನಾನೇನು ತಿನ್ನುವುದಿಲ್ಲ. ಇಟ್ಟಲ್ಲೇ ಇರುತ್ತದೆ. ಬಾಡಿಗೆ ತಾ."

ನೇಕಾರ ಕೆಟ್ಟವನಲ್ಲ, ಇದನ್ನು ಹೇಳಲೇಬೇಕು. ಹರವಿಯನ್ನು ಕೆಡಿಸಬೇಕೆಂಬ ಮನಸ್ಸು ಅವನಿಗೆ ಇರಲಿಲ್ಲ. ಅವನಿಗೆ ಗೊತ್ತಿದ್ದದ್ದು ಮಗ್ಗ. ಮಗ್ಗ ಕಾಯುತ್ತದೆ. ಹಾಗಾಗಿ ಲೋಕದ ಎಲ್ಲ ಸಾಮಾನೂ ಕಾಯುತ್ತದೆ ಎಂದುಕೊಂಡ. ಬಣ್ಣಗಾರ ಹೆದರಿಸುತ್ತಿದ್ದಾನೆ, ಸೋಗು ಹಾಕುತ್ತಿದ್ದಾನೆ ಎಂದುಕೊಂಡ. ಅದಕ್ಕೂ ಕಾರಣವಿತ್ತು. ಬಣ್ಣಗಾರ ಹಿಂದೆ ಎಷ್ಟೋ ಸುಳ್ಳು ಹೇಳಿದ್ದ. ಫಕೀರಪ್ಪನ ಹಾಗೆಯೇ, ಬಾಡಿಗೆ ನಾಳೆ ಎಂದು, ಸಂತೆಗೆ ಎಂದು.

ಬಣ್ಣಗಾರ ಬೆಲ್ಲವನ್ನೂ ಸುಣ್ಣವನ್ನೂ ಹೊಸ್ತಿಲ ಮೇಲೆ ಇಟ್ಟು ಹೋದ. "ನೀನಾದರೂ ಹಾಕು" ಎಂದು ಹೇಳಿದ್ದರೆ ನೇಕಾರ ಹಾಕುತ್ತಿದ್ದನೋ ಏನೋ. ಅವನು ಹೇಳಲಿಲ್ಲ. ಇವನು ಕೇಳಲಿಲ್ಲ. ಬೆಲ್ಲಕ್ಕೆ ಇರುವೆ ಬಂತು.

ನೇಕಾರ ನೇಯುತ್ತಾ ಹೋದ. ಸೀರೆಯ ಒಡಲು ಮುಗಿಯುತ್ತಾ ಬಂತು. ಸೆರಗಿಗೆ ಬೇಕಾದ ನೀಲಿ ನೂಲು ತೀರಿತು. ಇದನ್ನು ನಾನು ಮೊದಲೇ ಹೇಳಬೇಕಿತ್ತು, ಮರೆತೆ: ನೇಕಾರ ನೇಯುವ ಸೀರೆಗಳ ಸೆರಗು ನೀಲಿ. ಆ ನೀಲಿ ನೂಲು ಬರುತ್ತಿದ್ದದ್ದು ಅದೇ ಹರವಿಯಿಂದ. ಇಬ್ಬರೂ ಒಂದೇ ಮನೆಯನ್ನು ಹಿಡಿದದ್ದೂ ಅದೇ ಕಾರಣಕ್ಕೆ.

ಅಮಾವಾಸ್ಯೆಯ ಬೆಳಿಗ್ಗೆ ನೇಕಾರ ಒಂದು ಲಡಿ ಬಿಳಿ ನೂಲು ತೆಗೆದುಕೊಂಡ. ಒಂದು ಲಡಿ ಅದ್ದಿದರೆ ಯಾರಿಗೆ ನಷ್ಟ ಎಂದುಕೊಂಡ. ಬಾಡಿಗೆ ಬಾಕಿ ಇರುವವನ ಹರವಿಯಲ್ಲಿ ಅಷ್ಟು ಹಕ್ಕು ತನಗಿದೆ ಎಂದುಕೊಂಡ. ಬೀಗ ತೆಗೆದ. ಹರವಿಯ ಮುಚ್ಚಳ ಎತ್ತಿದ.

ವಾಸನೆಗೆ ಅವನು ಹಿಂದೆ ಸರಿದ. ಆದರೂ ನೂಲು ಅದ್ದಿದ.

ಒಂದು ವಿಷಯ ತಿಳಿದಿರಲಿ. ನೀಲಿ ಹರವಿಯಿಂದ ನೂಲು ಹೊರಗೆ ಬರುವಾಗ ನೀಲಿಯಾಗಿರುವುದಿಲ್ಲ. ಹಳದಿ ಹಸಿರಾಗಿರುತ್ತದೆ. ಗಾಳಿ ತಾಗಿದ ಮೇಲೆ, ನೋಡುತ್ತಿದ್ದ ಹಾಗೆಯೇ ನೀಲಿಗೆ ತಿರುಗುತ್ತದೆ. ನೇಕಾರನಿಗೆ ಅಷ್ಟು ಗೊತ್ತಿತ್ತು. ಅದಕ್ಕೇ ಅವನು ಲಡಿಯನ್ನು ಎತ್ತಿ ಗಾಳಿಗೆ ಹಿಡಿದು ನಿಂತ. ಲಡಿ ಕಲಗಚ್ಚಿನ ಬಣ್ಣವಾಗಿತ್ತು. ಈಗ ತಿರುಗುತ್ತದೆ ಎಂದು ನಿಂತ. ಇನ್ನೂ ಸ್ವಲ್ಪ ಹೊತ್ತಿಗೆ ತಿರುಗುತ್ತದೆ ಎಂದು ನಿಂತ. ಬಿಸಿಲು ಹಿತ್ತಿಲಿಗೆ ಬಂತು. ಲಡಿಯಿಂದ ನೀರೆಲ್ಲ ಸೋರಿತು. ನೂಲು ಒಣಗಿತು. ಕಲಗಚ್ಚಿನ ಬಣ್ಣ ಹಾಗೇ ಇತ್ತು.

ಆಗ ವ್ಯಾಪಾರಿ ಬಂದ. ಅವನ ಬೆನ್ನ ಹಿಂದೆಯೇ ಬಣ್ಣಗಾರನೂ ಬಂದ. ಬಣ್ಣಗಾರನ ಪಂಚೆಯ ತುದಿಯಲ್ಲಿ ಗಂಟು ಇತ್ತು. ಹೆಂಡತಿಯ ಬೆಳ್ಳಿ ಕಡಗ ಒತ್ತೆಯಿಟ್ಟು ತಂದ ಹಣ. ಅವನು ಗಂಟು ಬಿಚ್ಚುತ್ತಲೇ ಒಳಗೆ ಬಂದ. ಹಿತ್ತಿಲ ಬಾಗಿಲಲ್ಲಿ ನಿಂತ. ಅವನು ಹರವಿಯನ್ನು ನೋಡಲಿಲ್ಲ. ನೇಕಾರನ ಕೈಯಲ್ಲಿದ್ದ ಲಡಿಯನ್ನು ನೋಡಿದ.

"ಗಾಳಿಗೆ ಎಷ್ಟು ಹೊತ್ತು ಹಿಡಿದೆ?" ಎಂದು ಕೇಳಿದ.

"ಬೆಳಗಿನಿಂದ" ಎಂದ ನೇಕಾರ.

ಬಣ್ಣಗಾರ ಗಂಟನ್ನು ಮತ್ತೆ ಕಟ್ಟಿದ. "ಹರವಿ ಮಲಗುವ ಜಾಗಕ್ಕೆ ಬಾಡಿಗೆ ತಂದಿದ್ದೆ" ಎಂದ. ಬಂದ ದಾರಿಯಲ್ಲೇ ಮಗ್ಗ ದಾಟಿ ಹೋದ.

ವ್ಯಾಪಾರಿ ಮೂಗು ಮುಚ್ಚಿಕೊಂಡು ನಿಂತಿದ್ದ. ನೇಕಾರ ಸಂಜೆಯೊಳಗೆ ತನ್ನ ಗುಣಿಯನ್ನು ಮುಚ್ಚಿದ. ಸೆರಗಿಲ್ಲದ ಸೀರೆಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು ಊರು ಬಿಟ್ಟ. ಹಿತ್ತಿಲಿನ ವಾಸನೆಗೆ ಆ ಮನೆಯನ್ನು ಬಹಳ ದಿನ ಯಾರೂ ಕೇಳಲಿಲ್ಲ.

ಅಜ್ಜನವರು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು.

ಮುರಿಗೆಪ್ಪನಿಗೆ ಸಮಾಧಾನ ಆಗಲಿಲ್ಲ. ಅವನ ಮುಖ ಕೆಂಪಾಗಿತ್ತು. ಗುರುಗಳ ಮುಂದೆ ಅವನು ದನಿ ಏರಿಸಿದ್ದನ್ನು ನಾನು ನಿನ್ನೆಯೇ ಮೊದಲು ಕಂಡದ್ದು.

"ಹಂಗಾರ ಬಣ್ಣಗಾರಂದ ಸರಿ ಏನ್ರಿ, ಅಜ್ಜಾರ?"

"ನಾನು ಹಾಗೆ ಹೇಳಲಿಲ್ಲ. ಅವನು ಬಾಡಿಗೆ ಕೊಡಬೇಕಿತ್ತು."

"ನೇಕಾರ ಕೇಳಿದ್ದು ತಪ್ಪಾ?"

"ಕೇಳಿದ್ದು ತಪ್ಪಲ್ಲ. ಕೇಳಲೇಬೇಕು."

"ಮತ್ತ ನನ್ನ ತಪ್ಪೇನ್ರಿ? ಫಕೀರಪ್ಪ ಸುಳ್ಳ ಹೇಳಿದ, ನಾ ಹೇಳಲಿಲ್ಲ. ಅಂವ ಓಡಿ ಹೋದ, ನಾ ಹೋಗಲಿಲ್ಲ. ನಾಳೆ ಬೀದಿಗೆ ಬೀಳಾಂವ ನಾನು!" ಲೋಟದ ಮಜ್ಜಿಗೆ ತುಳುಕಿ ಅವನ ಅಂಗಿಯ ಮೇಲೆ ಬಿತ್ತು. ಅವನು ಅದನ್ನು ನೋಡಲಿಲ್ಲ. "ಮತ್ತ ನೀಲಿ ಹರವಿ ಸಾಯ್ತದ, ಒಪ್ಪಿದೆ. ಸೋಡಾ ಮಷೀನು ಸಾಯ್ತದೇನ್ರಿ? ಅದು ಕಬ್ಬಿಣ. ಅದಕ್ಕ ಯಾರೂ ಬೆಲ್ಲ ಉಣಿಸೂದಿಲ್ಲ. ವರ್ಷಗಟ್ಟಲೆ ಸರಪಳಿ ಹಾಕಿಟ್ಟರೂ ಇಟ್ಟಲ್ಲೇ ಇರ್ತದ."

ಇಟ್ಟಲ್ಲೇ ಇರುತ್ತದೆ ಎಂಬ ಮಾತನ್ನು ಕತೆಯಲ್ಲಿ ಯಾರು ಆಡಿದ್ದರು ಎಂಬುದು ಅವನಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು. ಆದರೆ ನಾನು ಮಜ್ಜಿಗೆ ಕೊಡುವವನು, ಸುಮ್ಮನಿದ್ದೆ.

ಅಜ್ಜನವರು ಬಾಗಿಲ ಕಡೆ ನೋಡಿದರು. ಹೊರಗೆ ವೈಶಾಖದ ಬಿಸಿಲು. ಅಂಗಳದ ಕಲ್ಲಿನ ಮೇಲೆ ಬರಿಗಾಲು ಇಡಲು ಆಗದಷ್ಟು ಬಿಸಿಲು. ನೋಡಿ, ತಿರುಗಿ, ಮೆಲ್ಲಗೆ ಕೇಳಿದರು.

"ಮುರಿಗೆಪ್ಪ, ಈ ಬಿಸಿಲಿನಲ್ಲಿ ಊರು ಯಾರ ಸೋಡಾ ಕುಡಿಯುತ್ತಿದೆ?"

ಮುರಿಗೆಪ್ಪ ಲೋಟವನ್ನು ಕೆಳಗೆ ಇಟ್ಟ. ಆಮೇಲೆ ಎದ್ದು ನಮಸ್ಕಾರ ಮಾಡಿ ಹೋದ.

ಕತೆ ಇಲ್ಲಿಗೆ ಮುಗಿಯಿತು. ಆದರೆ ಆ ಕೊನೆಯ ಮಾತನ್ನು ಹೀಗೆಯೇ ಬಿಟ್ಟರೆ ಓದುವವರಿಗೆ ತಿಳಿಯದೆ ಹೋಗಬಹುದು ಎಂದು ನನಗೆ ಹೆದರಿಕೆ. ಆದ್ದರಿಂದ ಅದರ ಅರ್ಥವನ್ನು ಬಿಡಿಸಿ ಹೇಳುತ್ತೇನೆ. ಮಷೀನು ಕಬ್ಬಿಣದ್ದು, ಅದು ಸಾಯುವುದಿಲ್ಲ, ನಿಜ. ಆದರೆ ಸೋಡಾ ಮಾರುವವನಿಗೆ ವರ್ಷದ ದುಡಿಮೆ ಬರುವುದು ಈ ಬಿಸಿಲಿನಲ್ಲಿ ಮಾತ್ರ. ಮುಂದೆ ಮಳೆಗಾಲ ಬಂದು ಮಿರಗದ ಮಳೆ ಹಿಡಿಯಿತೆಂದರೆ

ತಡೆಯಿರಿ. ಹೊರಗೆ ಯಾರೋ ನನ್ನ ಹೆಸರು ಹಿಡಿದು ಕೂಗುತ್ತಿದ್ದಾರೆ. ಕಿಟಕಿಯಿಂದ ನೋಡಿದೆ. ಮಠದ ಬಾಗಿಲಲ್ಲಿ ತಳ್ಳುಗಾಡಿ ನಿಂತಿದೆ. ಗಾಡಿಯಲ್ಲಿ ಸೋಡಾ ಮಷೀನು. ಗುಜರಿಯವನು ಬಂದನೆಂದುಕೊಂಡೆ. ಆದರೆ ಗಾಡಿಯ ಹಿಡಿಕೆ ಹಿಡಿದು ನಿಂತವನು ಮುರಿಗೆಪ್ಪ. ಬೀಗ ಬಿಚ್ಚಿದ ಸರಪಳಿ ಅವನ ಹೆಗಲ ಮೇಲಿದೆ.

"ಏ ಗುರುಪಾದಾ, ಬರಿಯೂದು ಇರಲಿ, ಲಗೂನ ಬಾರೋ! ಫಕೀರಪ್ಪನ ಅಕ್ಕನ ಮನಿ ದಾರಿ ಏರು ಐತಿ, ಒಬ್ಬಾಂವಗ ದಬ್ಬಾಕ ಆಗೂದಿಲ್ಲ."

ಹೋಗಬೇಕು. ನಾನು ಹೇಳುತ್ತಿದ್ದದ್ದು ಇಷ್ಟೇ: ಮಿರಗದ ಮಳೆ ಹಿಡಿಯಿತೆಂದರೆ ಸೋಡಾ ಬಾಟಲಿಯನ್ನು ಯಾರೂ